ದೋಸೆಯೊಳಗಿನ ಗೋಧಿ

ನನ್ನ ಹೆಂಡತಿಗೆ ಐದು ವರ್ಷ ತಪ್ಪದೆ ಕಾಯಿಲೆ ತಂದುಕೊಟ್ಟವನು ನಾನೇ. ಅದನ್ನೂ ಬಾಳೆಲೆಯಲ್ಲಿ ಸುತ್ತಿಸಿ, ಮೇಲೆ ಹಳೇ ಪೇಪರು ಹೊದಿಸಿ, ದಾರ ಕಟ್ಟಿಸಿಕೊಂಡು, ಬಿಸಿ ಆರುವ ಮುಂಚೆ ಮನೆ ಮುಟ್ಟಬೇಕೆಂದು ಏದುಸಿರು ಬಿಡುತ್ತ ಸೈಕಲ್ ತುಳಿದು ತಂದುಕೊಟ್ಟೆ. ಇಷ್ಟು ಶ್ರದ್ಧೆಯನ್ನು ಪಾಠ ಮಾಡುವುದರಲ್ಲಿ ತೋರಿಸಿದ್ದರೆ ಯಾವತ್ತೋ ಹೆಡ್‌ಮೇಷ್ಟರಾಗಿರುತ್ತಿದ್ದೆ.

ಜಯಮ್ಮ ಅರಳಗುಪ್ಪೆಯ ಬೇಸಾಯದ ಮನೆಯವಳು. ಮುದ್ದೆ, ಹುರುಳಿ ಸಾರು ತಿಂದು ಬೆಳೆದವಳು. ತೆಂಗಿನಕಾಯಿ ಸುಲಿಯುವುದರಲ್ಲಿ ಅಣ್ಣಂದಿರ ಸಮಕ್ಕೆ ನಿಲ್ಲುತ್ತಿದ್ದಳಂತೆ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಕೈ ಹಿಡಿದು ತಿಪಟೂರಿಗೆ ಬಂದಳು. ಹೋಟೆಲ್ ತಿಂಡಿಯ ಮೇಲೆ ನನಗಿದ್ದ ಮೋಹವನ್ನು ಅವಳಿಗೂ ಹಂಚಬೇಕೆಂದು ನನಗೆ ಹಟ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ದೋಸೆ, ಸ್ಕೂಲು ಬಿಟ್ಟು ಬರುವಾಗ ನಿಂತ ನಿಲುವಿನಲ್ಲಿ ಏನು ಸಿಕ್ಕರೆ ಅದು. ವರ್ಷ ತುಂಬುವಷ್ಟರಲ್ಲಿ ಜಯಮ್ಮ ಸೊರಗಿದಳು. ಹೊಟ್ಟೆಯುಬ್ಬರ, ಭೇದಿ, ಮುಖದಲ್ಲಿ ರಕ್ತವಿಲ್ಲ. ತವರಿನಲ್ಲಿ ಎರಡು ತಿಂಗಳಿದ್ದರೆ ಮೈ ತುಂಬಿಕೊಂಡು ಬರುವಳು. ನನ್ನ ಮನೆಯಲ್ಲಿ ಮತ್ತೆ ಇಳಿದುಹೋಗುವಳು. ಒಮ್ಮೆ ಅವಳ ತಾಯಿ ನನ್ನೆದುರೇ ಕೇಳಿದರು: “ಹೊಟ್ಟೆ ತುಂಬ ಇಕ್ತಾರೇನೇ ನಿಂಗೆ?” ನಾನು ನೆಲ ನೋಡಿದೆ. ಮಾರನೆಯ ದಿನದಿಂದ ಒಂದು ಪೊಟ್ಟಣದ ಜಾಗದಲ್ಲಿ ಎರಡು ತಂದೆ.

ಆಗ ನಮ್ಮ ಕಡೆ ಬ್ರೆಡ್ಡು ತಿಂಡಿಯಲ್ಲ, ಔಷಧಿ. ಬೇಕರಿಯಲ್ಲಿ ಬ್ರೆಡ್ಡು ಕೇಳಿದರೆ, “ಯಾರಿಗೆ ಹುಷಾರಿಲ್ಲ?” ಎಂದು ವಿಚಾರಿಸಿಯೇ ಕೊಡುತ್ತಿದ್ದರು. ಊರಿನ ಡಾಕ್ಟರು ಹಾಲು ಬ್ರೆಡ್ಡು ಕೊಡಿ ಎಂದರು. ಪಕ್ಕದ ಮನೆಯವರು ಗೋಧಿ ಗಂಜಿಯ ಗುಣಗಾನ ಮಾಡಿದರು. ಅವಳು ಸೊರಗಿದಷ್ಟೂ ಬ್ರೆಡ್ಡು ಹೆಚ್ಚಾಯಿತು, ಬ್ರೆಡ್ಡು ಹೆಚ್ಚಿದಷ್ಟೂ ಸೊರಗಿದಳು. ಈ ನಡುವೆ ಎರಡು ಸಲ ಗರ್ಭ ನಿಂತಿತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳ ಬಾಯಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡಿನ ಚೂರು ಇಟ್ಟವನು ನಾನು. ಈ ಮಾತನ್ನೂ ತಮಾಷೆಯಾಗಿಯೇ ಬರೆಯಲು ನೋಡಿದೆ. ಆಗಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ವಯಸ್ಸಾದ ಡಾಕ್ಟರೊಬ್ಬರು ಅವಳು ಬೆಳಗಿನಿಂದ ಸಂಜೆಯವರೆಗೆ ಏನೇನು ತಿನ್ನುತ್ತಾಳೆಂದು ಕೇಳಿ ಬರೆದುಕೊಂಡರು, ಏನೇನೋ ಪರೀಕ್ಷೆ ಮಾಡಿಸಿದರು. “ಗೋಧಿಯಲ್ಲಿರೋ ಅಂಟು ಇವರ ಕರುಳಿಗೆ ಆಗೋದಿಲ್ಲ. ಒಂದು ಚಿಟಿಕೆಯೂ ಬೇಡ, ಜೀವಮಾನ ಪೂರ್ತಿ” ಎಂದರು. ಜಯಮ್ಮ ನಕ್ಕುಬಿಟ್ಟಳು. “ಅಷ್ಟೇನಾ? ನಮ್ ಸೀಮೇಲಿ ಗೋಧಿ ಯಾರ್ ಬೆಳೀತಾರೆ ಬುಡಿ!”

ನಾನೂ ಹಾಗೇ ಅಂದುಕೊಂಡೆ. ಆದರೆ ಗೋಧಿ ನಮ್ಮ ಹೊಲಕ್ಕೆ ಬರದಿದ್ದರೂ ವೇಷ ಮರೆಸಿಕೊಂಡು ಅಡುಗೆಮನೆಗೆ ಬಂದು ಕೂತಿತ್ತು. ನಮ್ಮವರಿಗೆ ರವೆ ಎಂದರೆ ರವೆ. ಅದಕ್ಕೂ ಹೆತ್ತವರು ಇದ್ದಾರೆಂದು ಯಾರೂ ಯೋಚಿಸುವುದಿಲ್ಲ. ದಿನಾ ವಿಜ್ಞಾನ ಪಾಠ ಮಾಡುತ್ತಿದ್ದ ನಾನೂ ಯೋಚಿಸಿರಲಿಲ್ಲ.

ಬ್ರೆಡ್ಡು ಬಿಟ್ಟೆವು, ರವೆ ಬಿಟ್ಟೆವು, ಬಿಸ್ಕತ್ತು ಬಿಟ್ಟೆವು. ಅವಳ ಕೆನ್ನೆಗೆ ಬಣ್ಣ ಬಂತು. ಆ ಸಂತೋಷಕ್ಕೆ ಒಂದು ಸಂಜೆ ಅವಳನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಸೀನಪ್ಪನ ಹೋಟೆಲಿಗೆ ಕರೆದುಕೊಂಡು ಹೋದೆ. “ಗೋಧಿ ಇಲ್ಲವಲ್ಲ? ದೋಸೆ ಅಕ್ಕಿ ಉದ್ದಿನದು ತಾನೇ?” ಎಂದು ಕೇಳಿಯೇ ತರಿಸಿದೆ. “ಇನ್ನೇನ್ರೀ ಮತ್ತೆ!” ಎಂದ ಸೀನಪ್ಪ. ಮೂರು ದಿನ ಜಯಮ್ಮ ಹಾಸಿಗೆಯಿಂದ ಏಳಲಿಲ್ಲ. ನಾಲ್ಕನೆಯ ದಿನ ನಾನು ನೇರವಾಗಿ ಅವನ ಅಡುಗೆಮನೆಗೇ ನುಗ್ಗಿದೆ.

“ಗರಿಗರಿ ಬರ್ಲಿ ಅಂತ ಒಂದ್ ಹಿಡಿ ಮೈದಾ ಹಾಕ್ತೀವಿ ಮೇಷ್ಟ್ರೇ. ಸಾಂಬಾರಿಗೂ ಒಂಚೂರು, ಗಟ್ಟಿ ಬರ್ಬೇಕಲ್ಲ.”

“ನಾನು ಕೇಳಿದಾಗ ಯಾಕೆ ಹೇಳಲಿಲ್ಲ?”

“ನೀವ್ ಕೇಳಿದ್ದು ಗೋಧಿ ಐತಾ ಅಂತಲ್ವಾ?” ಸೀನಪ್ಪ ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟ. “ಮೈದಾ ಗೋಧೀದಾ ಮೇಷ್ಟ್ರೇ?”

ಅವನು ನಿಜವಾಗಿಯೂ ಕೇಳುತ್ತಿದ್ದ. ಜಗಳಕ್ಕೆಂದು ಹೋದವನು ಪಾಠ ಹೇಳಿ ಬಂದೆ.

ಅಲ್ಲಿಂದ ಮುಂದೆ ಹೋಟೆಲು ಬಂದ್. ಆದರೂ ಅವಳ ಹೊಟ್ಟೆ ಪೂರ್ತಿ ಸರಿಹೋಗಲಿಲ್ಲ. ಮನೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ಅನುಮಾನಿಸಿ, ಇಂಗಿನ ಡಬ್ಬ ಹಿಡಿದು ಅಂಗಡಿಯವನ ಬಳಿ ಹೋದೆ. “ಬರೀ ಇಂಗು ಯಾರ್ ತಡ್ಕೋತಾರೆ ಸ್ವಾಮಿ? ಗೋಧಿ ಹಿಟ್ ಬೆರ್ಸೇ ಕಟ್ತಾರೆ” ಎಂದ ಅವನು, ಲೋಕಕ್ಕೇ ಗೊತ್ತಿರುವ ಸಂಗತಿಯೆಂಬಂತೆ. ದಿನಾ ಅವಳೇ ತನ್ನ ಕೈಯಾರೆ ಒಗ್ಗರಣೆಗೆ ಹಾಕುತ್ತಿದ್ದ ಚಿಟಿಕೆ ಅದು. ಹೇಳಿದಾಗ ಒಲೆಯ ಮುಂದೆ ಕೂತುಬಿಟ್ಟಳು. “ಇನ್ ಯಾವುದ್ನ ನಂಬ್ಲಿ ಹೇಳ್ರೀ” ಎಂದಳು.

ಇಂಗನ್ನೂ ಬಿಟ್ಟ ಮೇಲೆ ಒಂದು ವರ್ಷ ಚೆನ್ನಾಗಿದ್ದಳು. ಇನ್ನೊಮ್ಮೆ ಗರ್ಭ ನಿಂತರೆ ಉಳಿದೀತು ಎಂದು ಬೆಂಗಳೂರಿನ ಡಾಕ್ಟರೂ ಹೇಳಿದ್ದರು. ಅಷ್ಟರಲ್ಲಿ ಕಂದಿಕೆರೆಯಲ್ಲಿ ಅವಳ ಸೋದರತ್ತೆಯ ಮನೆಯ ಗೃಹಪ್ರವೇಶ ಬಂತು. ಜಯಮ್ಮ ತನ್ನ ಊಟದ ಡಬ್ಬಿಯನ್ನು ಕಟ್ಟಿಕೊಂಡೇ ಹೋದಳು. ಪಂಕ್ತಿಯಲ್ಲಿ ಡಬ್ಬಿ ತೆಗೆದದ್ದೇ ತಡ, ಆ ಮುದುಕಿಯ ಕಣ್ಣಲ್ಲಿ ನೀರು.

“ನನ್ ಕೈಯಾರೆ ಹೊಸೆದ ಶಾವಿಗೆ ಪಾಯ್ಸ ಕಣೇ. ನಾನೇನ್ ವಿಷ ಇಕ್ತೀನಾ? ನನ್ ಮನೇಲಿ ಉಣ್ಣಾಕೆ ಆಗ್ದಷ್ಟು ದೊಡ್ಡೋಳಾದ್ಯಾ?”

ಶಾವಿಗೆ ಗೋಧಿಯದೆಂದು ಜಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗಂಡಸರ ಪಂಕ್ತಿಯಿಂದ ನಾನು ಬೇಡವೆಂದು ತಲೆಯಾಡಿಸುತ್ತಲೇ ಇದ್ದೆ. ಅವಳು ನನ್ನ ಕಡೆ ನೋಡದೆ ಲೋಟವೆತ್ತಿ ಪೂರ್ತಿ ಕುಡಿದಳು. ಮುದುಕಿ ಅವಳ ಕೆನ್ನೆ ಸವರಿ ಇನ್ನೊಂದು ಲೋಟ ತಂದಳು.

ವಾಪಸು ಬರುವ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕಿಟಕಿಗೆ ಒರಗಿದ್ದಳು. ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: “ಅತ್ತೆ ಅಳೋದ್ ನೋಡಕ್ಕಾಗ್ಲಿಲ್ಲ ಕಣ್ರೀ. ಹೊಟ್ಟೆ ನಂದೇ ಅಲ್ವಾ, ಹೆಂಗೋ ಸಮಾಧಾನ ಮಾಡ್ಕೋತೀನಿ.”

ನಮಗೆ ಮಕ್ಕಳಾಗಲಿಲ್ಲ. ಎರಡು ಲೋಟ ಪಾಯಸದಿಂದ ಹಾಗಾಯಿತೆಂದು ಹೇಳಲಾರೆ. ಅಂಥ ಲೋಟಗಳು ಆಮೇಲೂ ಬಂದವು, ಕೆಲವನ್ನು ಅವಳು ತಡೆದಳು, ಕೆಲವನ್ನು ಕುಡಿದಳು. ಅಡಗಿ ಕೂತ ಗೋಧಿಯನ್ನು ಹುಡುಕುವುದು ನನಗೆ ಈಗ ಚೆನ್ನಾಗಿ ಬರುತ್ತದೆ, ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಆದರೆ ಕಣ್ಣೀರು ಹಾಕಿಕೊಂಡು ಲೋಟ ಹಿಡಿದು ನಿಂತವರಿಗೆ ಬೇಡ ಎನ್ನುವುದು ಹೇಗೆಂದು ಆ ಡಾಕ್ಟರು ಚೀಟಿಯಲ್ಲಿ ಬರೆದುಕೊಡಲಿಲ್ಲ. ಬರೆದಿದ್ದರೂ ಜಯಮ್ಮ ಅದನ್ನು ಓದುತ್ತಿರಲಿಲ್ಲ.