ಅಡಿಕೆ ಹೋಳಿನ ಮಂಗಳೂರು

ಮಾವನ ಬಲಗಾಲಿನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎತ್ತು ತುಳಿದು ಸೀಳಿದ್ದಂತೆ. ಆ ಬೆರಳು ಸುಮ್ಮನೆ ಇದ್ದದ್ದನ್ನು ನಾನು ನೋಡಿದ್ದು ಕಡಿಮೆ. ಜಗಲಿಯಲ್ಲಿ ಕೂತರೂ, ಊಟಕ್ಕೆ ಕೂತರೂ, ಯಾರಾದರೂ ಸತ್ತ ಸುದ್ದಿ ತಂದು ಎದುರು ನಿಂತಿದ್ದರೂ ಅದು ನೆಲಕ್ಕೆ ಬಡಿಯುತ್ತಲೇ ಇರುತ್ತಿತ್ತು. ಎರಡು ಸಲ ನಿಧಾನ, ಮೂರು ಸಲ ಬೇಗ. ಮಂಗಳೂರಿನ ಬ್ಯಾಂಡಿನ ದೊಡ್ಡ ಡ್ರಮ್ಮು ಹಾಗೆ ಹೊಡೆಯುತ್ತದೆ ಎಂದು ಅವರು ಹೇಳುತ್ತಿದ್ದರು. ಆ ಬೆರಳನ್ನು ಕಂಡರೆ ಅಮ್ಮನಿಗೆ ಮೈ ಉರಿಯುತ್ತಿತ್ತು. ನನಗೂ.

ಮಾವ ಅಮ್ಮನ ತಮ್ಮ. ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಕುಂಭಾಶಿಯ ನಮ್ಮ ಮನೆಯಲ್ಲಿ ಬಿತ್ತನೆಯಿಂದ ಹಿಡಿದು ನನ್ನ ಮದುವೆಯವರೆಗೆ ಮಾವನದೇ ಕೊನೆಯ ಮಾತು. ನಮ್ಮಲ್ಲಿ ಸೋದರಮಾವ ಒಪ್ಪಿ ವೀಳ್ಯ ತೆಗೆದುಕೊಂಡರೆ ಹೆಣ್ಣು ಕೊಟ್ಟಂತೆಯೇ. ಆಮೇಲೆ ಹಿಂದೆ ಸರಿಯುವುದು ಎಂಬುದಿಲ್ಲ. ಇಷ್ಟು ದೊಡ್ಡ ಅಧಿಕಾರ ಇಂಥವರ ಕೈಯಲ್ಲಿತ್ತು ಎಂದು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಆಗ ನಮ್ಮ ಕಡೆಯ ಮದುವೆಗಳಿಗೆಲ್ಲ ವಾಲಗವೇ. ಕುಂದಾಪುರದ ಒಬ್ಬ ವ್ಯಾಪಾರಿ ಮಾತ್ರ ಮಗಳ ಮದುವೆಗೆ ಮಂಗಳೂರಿನಿಂದ ಬ್ಯಾಂಡು ತರಿಸಿದ್ದ. ಮಾವ ಆ ಮದುವೆಗೆ ಹೋದವರು ಊಟ ಮಾಡಲಿಲ್ಲ. ಕೆಂಪು ಕೋಟಿನವರ ಹಿಂದೆಯೇ ದಿಬ್ಬಣದುದ್ದಕ್ಕೂ ನಡೆದು, ಅವರು ಬಸ್ಸು ಹತ್ತುವವರೆಗೆ ನಿಂತು, ಹಸಿದ ಹೊಟ್ಟೆಯಲ್ಲಿ ಮನೆಗೆ ಬಂದರು. ಮರುದಿನವೇ ಶುರುವಾಯಿತು: ಮಂಗಳೂರಿಗೆ ಹೋಗಬೇಕು, ಪೇಟೆ ನೋಡಬೇಕು, ಬ್ಯಾಂಡನ್ನು ಅದರ ಮನೆಯಲ್ಲೇ ಕೇಳಬೇಕು. ಆದಿತ್ಯವಾರ ಬೆಳಿಗ್ಗೆ ಅವರು ಹಂಚಿನ ಕಾರ್ಖಾನೆಯ ಹಿಂದೆ ಅಭ್ಯಾಸ ಮಾಡುತ್ತಾರಂತೆ, ಮಧ್ಯಾಹ್ನ ಚದುರುತ್ತಾರಂತೆ.

ಯೋಜನೆ ಹಾಕುವುದು ಒಂದು ಮಣೆಯ ಮೇಲೆ. ಮಾವ ಅಡಿಕೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ ಹೋಳುಗಳನ್ನು ಹರಡುತ್ತಿದ್ದರು. ಸುಣ್ಣದ ಡಬ್ಬಿ ಮಾಬುಕಳ. ಆಗ ಅಲ್ಲಿ ಸೇತುವೆ ಇರಲಿಲ್ಲ. ಬಸ್ಸಿಳಿದು, ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಬ್ರಹ್ಮಾವರದ ಕಡೆಯ ಬಸ್ಸು ಹಿಡಿಯಬೇಕಿತ್ತು. ವೀಳ್ಯದೆಲೆಯ ತೊಟ್ಟು ದೋಣಿ. ಆಮೇಲೆ ಒಂದು ಹೋಳು ಕದ್ರಿ, ಒಂದು ಬಾವುಟಗುಡ್ಡೆಯ ದೀಪಸ್ತಂಭ, ಒಂದು ಬಂದರು, ಒಂದು ರೈಲು ನಿಲ್ಲುವ ಜಾಗ. ಎಲ್ಲಕ್ಕಿಂತ ದೊಡ್ಡ ಹೋಳು ಬ್ಯಾಂಡಿನ ಮನೆ.

"ಇಲ್ಲಿಂದ ಇಲ್ಲಿಗೆ ಒಂದ್ ಗಳ್ಗಿ ಕೆಲ್ಸ" ಎನ್ನುತ್ತಿದ್ದರು. ಅವರಿಗೆ ಎಲ್ಲವೂ ಒಂದು ಗಳಿಗೆಯ ಕೆಲಸ. ಗದ್ದೆ ಉಳುವುದೂ, ಬಾವಿ ತೋಡುವುದೂ.

ಹೀಗೆ ಮಂಗಳೂರನ್ನು ಪೂರ್ತಿ ಜೋಡಿಸಿದ ಮೇಲೆ ಒಂದೊಂದೇ ಹೋಳನ್ನು ಎತ್ತಿ ಬಾಯಿಗೆ ಹಾಕಿಕೊಂಡು ಜಗಿದುಬಿಡುತ್ತಿದ್ದರು. ಮರುದಿನ ಮತ್ತೆ ಮೊದಲಿನಿಂದ. ಕದ್ರಿ ಮೊದಲೋ ಬಂದರು ಮೊದಲೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಮೂರು ಮಳೆಗಾಲ ನಡೆಯಿತು. ಒಮ್ಮೆ ದನ ಕರು ಹಾಕಿತೆಂದು ಹೊರಡಲಿಲ್ಲ. ಇನ್ನೊಮ್ಮೆ ಹೊರಟವರು ಮಾಬುಕಳದ ದೋಣಿಯಲ್ಲಿ ಕೂತ ಮೇಲೆ ವಾರದ ಲೆಕ್ಕ ತಪ್ಪಿದ್ದು ನೆನಪಾಗಿ, ನಡುಹೊಳೆಯಿಂದ ತಿರುಗಿಸಲು ಹೇಳಿ, ಅಂಬಿಗನಿಂದ ಬೈಗುಳ ತಿಂದು ಬಂದರು.

ನನಗೆ ಮಂಗಳೂರಿನ ಸಂಬಂಧ ಬಂದದ್ದು ಆ ಹೊತ್ತಿಗೆ. ಬಾವುಟಗುಡ್ಡೆಯ ಕೆಳಗೆ ಮಾಳಿಗೆ ಮನೆ, ಮರದ ವ್ಯಾಪಾರ, ಒಬ್ಬನೇ ಮಗ. ಹಿರಿಯರು ಹೋಗಿ ಮನೆ ನೋಡಿ, ಒಪ್ಪಿಗೆಯಾದರೆ ಅಲ್ಲೇ ವೀಳ್ಯ ಬದಲಾಯಿಸಿ ಬರುವುದೆಂದು ಮಾತಾಯಿತು. ಮಾವನ ಮುಖ ಅರಳಿತು. ಅದು ನನಗಾಗಿ ಎಂದು ಆ ದಿನ ಸಂಜೆಯವರೆಗೆ ನಂಬಿದ್ದೆ. ಸಂಜೆ ಮಣೆಯ ಮೇಲೆ ಎಂದಿನ ಹೋಳುಗಳ ನಡುವೆ ಒಂದು ಲವಂಗ ಕಂಡಿತು.

"ಇದೆಂತ ಮಾವ?"

"ಗಂಡಿನ್ ಮನಿ."

ಇಡೀ ಮಂಗಳೂರಿನಲ್ಲಿ ಎಲ್ಲಕ್ಕಿಂತ ಚಿಕ್ಕದು ಅದೇ.

ಆದಿತ್ಯವಾರವೇ ಆಗಬೇಕೆಂದು ಹಟ ಹಿಡಿದರು. ಅದು ಸಾಲದೆಂದು ನನ್ನನ್ನೂ ಹೊರಡಿಸಿದರು. ಹುಡುಗಿ ರೈಲು ನೋಡಿಲ್ಲವಂತೆ. ಅಮ್ಮ ಸೌಟು ಹಿಡಿದೇ ಜಗಲಿಗೆ ಬಂದಳು.

"ಹೆಣ್ಣಿನ್ ಕರ್ಕಂಡ್ ಗಂಡಿನ್ ಮನಿ ಕಾಂಬುಕೆ ಹೋಪುದಾ? ಜನ ಎಂತ ಹೇಳ್ತ್ರ್?"

"ಅದನ್ನ ಆ ಮನಿಗೆ ಕರ್ಕಂಡ್ ಹೋತಿಲ್ಲೆ ಅಕ್ಕ. ನೆಂಟ್ರ ಮನಿಯಂಗೆ ಕೂರ್ಸುದ್."

"ನಿಂಗೆ ಮರ್ಲ್."

ಶನಿವಾರ ಹೊರಟೆವು. ನೆಂಟರ ಮನೆ ಸೇರುವಾಗ ದೀಪ ಹಚ್ಚಿದ್ದರು. ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು, ಮೊದಲು ಗಂಡಿನ ಮನೆ, ಶುಭಕಾರ್ಯ ಮುಗಿಯಲಿ, ಆಮೇಲೆ ನೀನು ಎಲ್ಲಿ ಬೇಕಾದರೂ ಕುಣಿ ಎಂದಳು. ಮಾವ ಕೇಳಲಿಲ್ಲ.

"ಗಂಡಿನ್ ಮನಿ ಎಲ್ಲಿಗೂ ಓಡಿ ಹೋತಿಲ್ಲೆ. ಬ್ಯಾಂಡ್ ಮಧ್ಯಾಹ್ನಕ್ಕೆ ನಿಲ್ತ್. ಒಂದ್ ಗಳ್ಗಿ ಕೆಲ್ಸ, ಬನ್ನಿ."

ರಸ್ತೆಯಲ್ಲಿ ಜಗಳ ಬೇಡವೆಂದು ಅಮ್ಮ ಹಲ್ಲು ಕಚ್ಚಿಕೊಂಡು ನಡೆದಳು. ಅವಳ ಹಿಂದೆ ನಾನು.

ಹಂಚಿನ ಕಾರ್ಖಾನೆಯ ಹಿಂದೆ ಕೊಟ್ಟಿಗೆಯಂಥ ಒಂದು ಮನೆ. ಒಳಗೆ ಲುಂಗಿ ಬನಿಯನಿನ ಏಳೆಂಟು ಮಂದಿ. ಮಾವನಿಗೆ ಮೊದಲು ನಿರಾಸೆಯಾಯಿತು.

"ಕೆಂಪ್ ಕೋಟ್ ಎಲ್ಲಿತ್ತ್?"

"ಒಗೆಯಲಿಕ್ಕೆ ಕೊಟ್ಟದ್ದು ಮಾರಾಯ್ರೆ" ಎಂದ ದೊಡ್ಡ ಡ್ರಮ್ಮಿನವನು. ಹೊಟ್ಟೆಯೂ ಡ್ರಮ್ಮಿನಷ್ಟೇ ಇದ್ದ ಆಳು. "ಎಲ್ಲಿಂದ ಬಂದದ್ದು ನೀವು?"

"ಕುಂದಾಪ್ರ ಬದಿ. ನಿಮ್ ಬ್ಯಾಂಡ್ ಕೇಂಬುಕೆ."

ಅವರಿಗೆ ಖುಷಿಯಾಯಿತು. ಊದಿದರು. ನಾನು ಬಾಗಿಲ ಕಂಬದ ಹಿಂದೆ ನಿಂತಿದ್ದೆ, ಎದೆಯ ಗೂಡಿನಲ್ಲೇ ಹೊಡೆದಂತೆ ಕೇಳುತ್ತಿತ್ತು. ಮಾವ ಕಣ್ಣು ಮುಚ್ಚಿದ್ದರು. ಬೆರಳು ನೆಲದ ಮೇಲೆ ಕುಣಿಯುತ್ತಿತ್ತು. ಅಮ್ಮ ಮಾತ್ರ ಬಿಸಿಲು ನೋಡಿ ಹೊತ್ತು ಅಳೆಯುತ್ತಿದ್ದಳು.

ಊದುವುದು ನಿಂತಾಗ ಮಾವ ತಡೆಯಲಾರದೆ ಹೇಳಿದರು: "ನಮ್ ಹೆಣ್ಣಿನ ಮದಿಗೆ ನೀವೇ ಬರ್ಕ್. ಈಗ್ಲೇ ಹೇಳಿಡ್ತೆ. ಇದೇ ಪೇಟಿಯ ಗಂಡ್." ಯಾವ ಮನೆ ಎಂದು ಡ್ರಮ್ಮಿನವನು ಕೇಳಿದ. ಬಾವುಟಗುಡ್ಡೆಯ ಕೆಳಗೆ, ಕಬ್ಬಿಣದ ಗೇಟು, ಮರದ ವ್ಯಾಪಾರದವರು ಎಂದು ಮಾವ ಹೆಮ್ಮೆಯಿಂದ ಹೇಳಿದರು.

ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ ಅವನ ಕೈ ನಿಂತದ್ದನ್ನು ನಾನು ನೋಡಿದೆ.

"ಆ ಮನೆಯಲ್ಲಿ ಗಂಡುಮಕ್ಕಳು ಎಷ್ಟು ಮಾರಾಯ್ರೆ?"

"ಒಬ್ಬನೇ. ಅದ್ಕೇ ಅಲ್ದಾ ಒಪ್ಪಿದ್ದ್!"

ಅವನು ತುತ್ತೂರಿ ಹಿಡಿದಿದ್ದ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ, "ಬಿಡು, ನಮಗ್ಯಾಕೆ" ಎಂದ.

"ಎಂತ ಬಿಡುವುದು? ಹುಡುಗಿ ಅಲ್ಲಿ ನಿಂತಿದ್ದಾಳೆ." ಅವನು ಮಾವನ ಕಡೆ ತಿರುಗಿದ. "ಆ ಮನೆಯ ಮದುವೆಗೆ ನಾವೇ ಊದಿದ್ದು. ಆಚೆ ವರ್ಷ. ಒಬ್ಬನೇ ಮಗನ ಮದುವೆ ಅಂತ ಭಾರಿ ಗೌಜಿ. ದಿಬ್ಬಣ ಗೇಟಿನ ಹತ್ತಿರ ಬರುವಾಗ ಮಳೆ ಹೊಡೆಯಿತು. ಈ ಚರ್ಮ ಹೊಸತು, ನೋಡಿ. ಹಳೆಯದು ಅಲ್ಲಿ ಹೋದದ್ದು. ಹಾಗಾಗಿ ನನಗೆ ಸರಿಯಾಗಿ ನೆನಪುಂಟು."

ನಾನು ಡ್ರಮ್ಮು ನೋಡಿದೆ. ಒಂದು ಬದಿಯ ಚರ್ಮ ಹೊಗೆ ಹಿಡಿದ ಬಣ್ಣ, ಇನ್ನೊಂದು ಬದಿಯದು ಹಾಲಿನ ಕೆನೆಯ ಬಣ್ಣ. ಬೇರೆಲ್ಲೂ ನೋಡಲು ಆಗಲಿಲ್ಲ.

"ಆ ಹುಡ್ಗಿ ಈಗ?" ಎಂದಳು ಅಮ್ಮ.

"ಗೊತ್ತಿಲ್ಲ ಅಮ್ಮಾ. ನಮ್ಮ ಕೆಲಸ ಮದುವೆಯ ದಿವಸದ್ದು ಮಾತ್ರ."

ನನ್ನನ್ನು ನೆಂಟರ ಮನೆಯಲ್ಲಿ ಬಿಟ್ಟು ಅವರಿಬ್ಬರೇ ಆ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಅಮ್ಮ ಆಮೇಲೆ ಹೇಳಿದಳು. ವೀಳ್ಯದ ತಟ್ಟೆ ಸಿದ್ಧವಾಗಿತ್ತಂತೆ. ಕಾಫಿ ಬಂತಂತೆ. ಮಾವ ಎರಡನ್ನೂ ಮುಟ್ಟದೆ, ಹವೆಯ ವಿಷಯ ಕೇಳಿದಷ್ಟೇ ಸಮಾಧಾನದಿಂದ, "ಈ ಗೇಟಿನ್ ಹತ್ರ ಮಳಿ ಬಂದ್ ಡ್ರಮ್ ಹಾಳಾದ್ದ್ ಯಾರ ಮದಿಯಂಗೆ?" ಎಂದರಂತೆ. ಹುಡುಗನ ತಂದೆ ಕೈಯಲ್ಲಿದ್ದ ಲೋಟ ಕೆಳಗಿಟ್ಟನಂತೆ. ತಾಯಿ ಒಳಗಿನಿಂದಲೇ, "ಅವಳು ತಾಯಿಮನೆಯಲ್ಲಿ ಇದ್ದಾಳೆ. ಇನ್ನು ಬರುವುದಿಲ್ಲ. ನೀವು ದೂರದವರು, ಅದನ್ನೆಲ್ಲ ಕೇಳಲಿಕ್ಕಿಲ್ಲ ಅಂತ ಎಣಿಸಿದ್ದು" ಎಂದಳಂತೆ.

ಅಮ್ಮ ಹಿಂದೆ ಬಂದವಳೇ ನನ್ನನ್ನು ಹಿಡಿದುಕೊಂಡು ಅತ್ತಳು. ಮೊದಲು ಆ ಮನೆಗೆ ಹೋಗಿದ್ದರೆ ವೀಳ್ಯ ಬದಲಾಗಿ ಆಗಿರುತ್ತಿತ್ತು. ಇದು ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಷ್ಟರಲ್ಲಿ ಮಾವ ಬಾಗಿಲಿನಿಂದ, "ರೈಲಿಗೆ ಇನ್ನೂ ಹೊತ್ತಿತ್ತ್. ಬಂದದ್ದಾಯ್ತಲೆ, ಕಂಡ್ಕಂಡೇ ಹೋಪ" ಎಂದರು.

"ನಿಂಗೆ ಮನ್ಷತ್ವ ಇತ್ತಾ?" ಎಂದು ಅಮ್ಮ ಕೂಗಿದಳು.

ಆದರೂ ಹೋದೆವು. ಅಮ್ಮ ಜೀವಮಾನದಲ್ಲಿ ಮೊದಲ ಸಲ ರೈಲು ನೋಡಿದ್ದು ಅಳುತ್ತಾ. ಬಾವುಟಗುಡ್ಡೆಗೆ ಮಾತ್ರ ಮಾವ ಕರೆದೊಯ್ಯಲಿಲ್ಲ.

ಮರುದಿನ ಮಾಬುಕಳದ ದೋಣಿಯಲ್ಲಿ ಮಾವ ನನ್ನ ಎದುರು ಕೂತಿದ್ದರು. ಅವರ ಮುಖ ನೋಡಲಾಗದೆ ಕಾಲು ನೋಡುತ್ತಿದ್ದೆ. ಈ ದಡದಿಂದ ಆ ದಡದವರೆಗೆ ಹೆಬ್ಬೆರಳು ಒಮ್ಮೆಯೂ ಅಲುಗಲಿಲ್ಲ.

ಎಷ್ಟೋ ಸಮಯದ ನಂತರ ಕೇಳಿದೆ: "ವಿಚಾರ ತಿಳ್ಕಂಬುಕೇ ಅಲ್ಲಿಗ್ ಹೋದ್ದಾ ಮಾವ?" ಹೌದೆಂದು ಒಂದು ಮಾತು ಹೇಳಿದ್ದರೆ ಊರೆಲ್ಲ ಅವರನ್ನು ಜಾಣ ಎನ್ನುತ್ತಿತ್ತು.

"ಬ್ಯಾಂಡ್ ಕೇಂಬುಕೆ ಹೋದ್ದ್ ಹೆಣೆ. ಸುಳ್ಳ್ ಎಂತಕ್ಕೆ ಹೇಳುದ್?"

ನನಗೆ ಮದುವೆ ನಿಶ್ಚಯವಾದದ್ದು ಬೈಂದೂರಿನ, ಬಟ್ಟೆ ಅಂಗಡಿಯ ಮನೆಗೆ. ಮಾವನ ಹುಚ್ಚು ಕೇಳಿ ತಿಳಿದಿದ್ದ ಬೀಗರು, ಮಂಗಳೂರಿನ ಬ್ಯಾಂಡನ್ನು ತಾವೇ ತರಿಸುತ್ತೇವೆ ಎಂದು ಹೇಳಿ ಕಳಿಸಿದರು. ಮಾವ ಬೇಡವೆಂದರು. ಬೀಗರಿಗೆ ಬೇಸರವಾಯಿತು. ಅಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಇಷ್ಟ್ ವರ್ಷ ನಮ್ ತಲಿ ತಿಂದ್, ಈಗ ಬ್ಯಾಡ ಅಂಬ್ಯಾ? ಎಂತ ಜನ್ಮ ಮಾರಾಯಾ ನಿಂದ್!"

ಮಾವ ವಾಲಗ ಸಾಕು ಎಂದು ಅಂಗಳಕ್ಕಿಳಿದರು. ನನಗೂ ಸಿಟ್ಟು ಬಂದಿತ್ತು. ಹಿಂದೆಯೇ ಹೋಗಿ ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದೆ.

"ಆ ಡ್ರಮ್ಮಿನವ ನಿನ್ನ ಕಂಡಿದ" ಎಂದರು. "ಅವ್ರಿಗೆ ಎಲ್ಲಾ ಮದಿಯೂ ನೆನ್ಪಿರತ್ತ್. ದಿಬ್ಬಣದಂಗೆ ಯಾರತ್ರಾರೂ ಬಾಯ್ ಬಿಟ್ರೆ? ಈ ಹೆಣ್ಣ್ ಮತ್ತೊಂದ್ ಗಂಡಿಗ್ ಅಂದೇಳಿ ಬಂದಿತ್ತ್ ಅಂದ್ರೆ? ಬೈಂದೂರ್ ತನ್ಕ ಸುದ್ದಿ ಹೋಪುದ್ ಒಂದ್ ಗಳ್ಗಿ ಕೆಲ್ಸ."

ವಾಲಗದಲ್ಲಿ ನನ್ನ ಮದುವೆಯಾಯಿತು. ಧಾರೆಯ ಹೊತ್ತಿಗೆ ತಲೆ ತಗ್ಗಿಸಿದ್ದೆ. ಪಕ್ಕದಲ್ಲಿ ಸೀಳುಗುರಿನ ಬೆರಳು ಕಾಣಿಸಿತು. ವಾಲಗದ ತಾಳಕ್ಕೆ ಅದು ಹೊಂದುತ್ತಿರಲಿಲ್ಲ. ಎರಡು ನಿಧಾನ, ಮೂರು ಬೇಗ. ಆ ಬ್ಯಾಂಡನ್ನು ಮಾವ ಮತ್ತೆ ಕೇಳಲಿಲ್ಲ. ಕುಂದಾಪುರಕ್ಕೆ ಅದು ಬಂದಾಗಲೂ, ಬ್ಯಾಂಡಿನವರು ತನ್ನ ಗುರುತು ಹಿಡಿದು ನನ್ನ ಮಾತೆತ್ತಿಯಾರು ಎಂದು ಮನೆಯಲ್ಲೇ ಉಳಿದರು.

ಮಾಬುಕಳದಲ್ಲಿ ಸೇತುವೆಯಾಗಿ, ಬಸ್ಸುಗಳು ನೇರ ಹೋಗತೊಡಗಿ, ನನ್ನ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಮಾವ ಹಾಸಿಗೆ ಹಿಡಿದರು. ನಾನು ನೋಡಲು ಹೋದ ದಿನ ಮಣೆ ತರಿಸಿದರು. ಅಡಿಕೆ ಕತ್ತರಿಸುವಷ್ಟು ಕೈಯಲ್ಲಿ ಬಲವಿರಲಿಲ್ಲ, ನಾನೇ ಕತ್ತರಿಸಿಕೊಟ್ಟೆ. ಅವರು ಒಂದೊಂದೇ ಇಟ್ಟರು. ನಾನು ಅಭ್ಯಾಸಬಲದಿಂದ ಸುಣ್ಣದ ಡಬ್ಬಿಯ ಹತ್ತಿರ ವೀಳ್ಯದ ತೊಟ್ಟು ಇಟ್ಟರೆ ಸಿಡುಕಿದರು.

"ಸೇತ್ವೆ ಆಯ್ತಲೆ, ದೋಣಿ ಎಂತಕ್ಕೆ? ತೆಗಿ."

"ಯಾರ್ ಹೋಪುದ್ ಮಾವ ಮಂಗ್ಳೂರಿಗೆ?"

"ನೀನ್ ಹೋಗ್. ಮಕ್ಕಳನ್ನ ಕರ್ಕಂಡ್ ಹೋಗ್. ಆದಿತ್ಯವಾರವೇ ಹೋಯ್ಕ್, ಕಾಣ್, ಮತ್ತೆ ವಾರ ತಪ್ಪಬೇಡ."

ಜೋಡಿಸಿ ಮುಗಿಸುವವರೆಗೂ ನನಗೆ ಬಯ್ಯುತ್ತಲೇ ಇದ್ದರು: ಬಂದರು ಅಷ್ಟು ದೂರ ಅಲ್ಲ, ಕದ್ರಿ ಆ ಬದಿ ಅಲ್ಲ, ನಿನಗೆ ಎಷ್ಟು ಸಲ ಹೇಳುವುದು. ಮರುದಿನ ಬೆಳಿಗ್ಗೆ ಅಮ್ಮ ಗಂಜಿ ತಿಳಿ ಕುಡಿಸಲು ಹೋದಾಗ ಉಸಿರಿರಲಿಲ್ಲ.

ಜನ ಸೇರತೊಡಗಿದರು. ಚಾಪೆ ಹಾಸಲು ಕೋಣೆ ಖಾಲಿ ಮಾಡುವಾಗ ಅಮ್ಮನ ಕಾಲಿಗೆ ಮಣೆ ತಗಲಿತು. ಮಾವನ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲವಾದ್ದರಿಂದ ಮಂಗಳೂರು ಈ ಸಲ ಇಟ್ಟಲ್ಲೇ ಇತ್ತು. ಕದ್ರಿ, ಬಂದರು, ರೈಲು, ಬ್ಯಾಂಡಿನ ಮನೆ. ನಾನು ಬಗ್ಗಿ ನೋಡಿದೆ. ಗಂಡಿನ ಮನೆಯ ಲವಂಗ ಇರಲಿಲ್ಲ.

"ಸತ್ತರೂ ಮಣಿ ಖಾಲಿ ಮಾಡ್ಲಿಲ್ಲ ಕಾಣ್ ಇವ" ಎಂದು ಅಮ್ಮ ಬೈದಳು. ಬೈದು, ಸೆರಗಿನಲ್ಲಿ ಮೂಗೊರೆಸಿಕೊಂಡು, ಆ ಮಣೆಯನ್ನು ಹಾಗೇ ಬಿಟ್ಟು ಅದರ ಸುತ್ತ ಚಾಪೆ ಹಾಸಿದಳು.