ಅವ್ವನ ತಂಬೂರಿಗೆ ಒಪ್ಪಿದ ಚಕ್ರ

ನನ್ನ ಕೆಂಪು ಕಾರನ್ನು ಮೆಚ್ಚಿದವರು ಊರಲ್ಲಿ ಬೇಕಾದಷ್ಟಿದ್ದರು, ಅದರಲ್ಲಿ ಎರಡನೇ ಸಲ ಕೂತವರು ಯಾರೂ ಇರಲಿಲ್ಲ. ಹದಿನೆಂಟು ಇಂಚಿನ ಅಲಾಯ್ ಚಕ್ರ, ಅದಕ್ಕೆ ರೊಟ್ಟಿಯಷ್ಟು ತೆಳ್ಳಗಿನ ಟೈರು, ಕಾರು ನೆಲಕ್ಕೆ ಅಂಟಿದಂತೆ ಕಾಣಲೆಂದು ಗಿಡ್ಡ ಸ್ಪ್ರಿಂಗು. ಎಲ್ಲವನ್ನೂ ನಾನೇ ಆಸೆಪಟ್ಟು ಹಾಕಿಸಿದ್ದೆ. ಚನ್ನರಾಯಪಟ್ಟಣದಲ್ಲಿ ಹೆಂಗಸೊಬ್ಬಳು ಅಂಥ ಕಾರು ಓಡಿಸಿದರೆ ಜನ ತಿರುಗಿ ನೋಡುತ್ತಾರೆ. ನನಗೂ ಅದು ಬೇಕಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಅವ್ವ ಮೊದಲ ಸಲ ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಹಾಡಲು ಇದೇ ಕಾರಿನಲ್ಲಿ ಹೊರಟಳು. ತಂಬೂರಿಯನ್ನು ಮನೆಯಲ್ಲೇ ಶ್ರುತಿ ಮಾಡಿ, ದೇವರ ಮುಂದೆ ಒಮ್ಮೆ ಮೀಟಿ, ಅದರ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗುವುದು ಅವಳ ಪದ್ಧತಿ. ಹೊಳೆನರಸೀಪುರ ದಾಟಿದ ಮೇಲೆ ಪ್ರತಿ ಹಳ್ಳಿಯ ರಸ್ತೆಯುಬ್ಬಿಗೂ ಕಾರಿನ ಹೊಟ್ಟೆ ಉಜ್ಜಿತು. ಇಳಿದು ನೋಡಿದರೆ ನಾಲ್ಕು ತಂತಿಯೂ ಶ್ರುತಿ ಬಿಟ್ಟಿದ್ದವು. ಸಭೆ ಕಾದು ಕೂತಿತ್ತು, ಅವ್ವ ವೇದಿಕೆಯ ಮೇಲೆ ಬಿರಡೆ ತಿರುಗಿಸುತ್ತಲೇ ಇದ್ದಳು.

"ನಿನ್ ಕಾರು ಬ್ಯಾಡ ಕಣವ್ವ. ನನ್ ಸೊಂಟ ಓದ್ರೆ ಓಗ್ಲಿ, ತಂಬೂರಿ ಕೆಟ್ರೆ ನಾನೆಲ್ಲಿಗೋಗ್ಲಿ?" ಎಂದಳು.

ಅಣ್ಣನ ಹತ್ತಿರ ದೊಡ್ಡ ಗಾಡಿ ಇತ್ತು. "ಮುಂದಿನ್ ವರ್ಸ ಅವ್ವನ್ನ ನಾನೇ ಕರ್ಕೊಂಡೋಯ್ತೀನಿ ಬುಡಮ್ಮಿ" ಎಂದು ಹಲ್ಲು ಕಿರಿದ. ಅವ್ವ ಎಲ್ಲಿಗೆ ಹೋಗುವುದಾದರೂ ಗಂಡುಮಗನ ಗಾಡಿಯೇ ಆಗಬೇಕು, ನಮ್ಮ ಮನೆ ನಡೆದುಬಂದಿದ್ದೇ ಹಾಗೆ. ನನಗೆ ಮೈಯೆಲ್ಲಾ ಉರಿಯಿತು. ಅವಳು ನನ್ನ ಕಾರಿನಲ್ಲೇ ಹಾಡಲು ಹೋಗಬೇಕೆಂದು ಹಟ ಹಿಡಿದೆ.

ಮೊದಲು ಡಿಕ್ಕಿಗೆ ಎರಡು ಮೂಟೆ ತೆಂಗಿನಕಾಯಿ ತುಂಬಿದೆ. ಭಾರ ಹಾಕಿದರೆ ಗಾಡಿ ಕುಲುಕುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ, ಕಾಯಿ ಸಾಗಿಸುವ ಗಾಡಿಗೆ ಅದು ನಿಜವೂ ಹೌದು. ನನ್ನ ಗಿಡ್ಡ ಕಾರು ರಸ್ತೆಯುಬ್ಬಿನ ಮೇಲೆ ಕೂತೇಬಿಟ್ಟಿತು. ಕಾಯಿ ಇಳಿಸಲು ಬಂದ ಅಣ್ಣ ನಕ್ಕಿದ್ದೇ ನಕ್ಕಿದ್ದು.

ಹಾಸನದ ಟೈರ್ ಅಂಗಡಿಗೆ ಹೋಗಿ ಸಣ್ಣ ಚಕ್ರ ಕೇಳಿದೆ. "ಷೋನೇ ಒಂಟೋಯ್ತದಲ್ಲ ಮೇಡಂ!" ಎಂದು ಅಂಗಡಿಯವರು ಸಂಕಟಪಟ್ಟರು. ಹದಿನೈದು ಇಂಚಿನದು ಬ್ರೇಕಿಗೆ ತಾಗಿತು, ಹದಿನಾರು ಸರಿಯಾಗಿ ಕೂತಿತು. ಅದಕ್ಕೆ ದಪ್ಪ ರಬ್ಬರಿನ ಟೈರು ಹಾಕಿಸಿದೆ, ಚಕ್ರ ಸಣ್ಣದಾದರೂ ಒಟ್ಟು ಎತ್ತರ ಮೊದಲಿನಷ್ಟೇ ಉಳಿಯಿತು. ಗಿಡ್ಡ ಸ್ಪ್ರಿಂಗು ತೆಗೆಸಿ ಕಂಪನಿಯದನ್ನೇ ಮತ್ತೆ ಕೂರಿಸಿದೆ. ಆಸೆಗೆ ಬಿದ್ದು ತೀರಾ ಮೆತ್ತನೆಯ ಶಾಕ್ ಅಬ್ಸಾರ್ಬರ್ ಹಾಕಿಸಿ ಸಾಲಗಾಮೆ ರಸ್ತೆಗಿಳಿದರೆ, ತಿರುವಿನಲ್ಲಿ ಕಾರು ತೊಟ್ಟಿಲಿನ ಹಾಗೆ ತೂಗಿತು. ವಾಪಸ್ ಬಂದು ಅದನ್ನೂ ಬದಲಿಸಿ, ಸ್ವಲ್ಪ ಬಿಗಿಯಾದದ್ದು ಹಾಕಿಸಿದೆ. ಈಗ ಗುಂಡಿ ಬಂದರೆ ಮೆತ್ತಗೆ ಇಳಿದು ಒಂದೇ ಸಲಕ್ಕೆ ನಿಲ್ಲುತ್ತಿತ್ತು, ತಿರುವಿನಲ್ಲಿ ಹೇಳಿದಂತೆ ಕೇಳುತ್ತಿತ್ತು. ಒಬ್ಬಳೇ ಕೂತು ಖುಷಿಗೆ ಜೋರಾಗಿ ಕೂಗಿಬಿಟ್ಟೆ.

ಈ ವರ್ಷ ಬಹಳ ಕಾಡಿಬೇಡಿದ ಮೇಲೆ ಅವ್ವ ಹತ್ತಿದಳು. ನಂಬಿಕೆಯಿಲ್ಲದೆ ಅಣ್ಣನಿಗೆ ಖಾಲಿ ಗಾಡಿ ತಗೊಂಡು ಹಿಂದೆಯೇ ಬಾ ಎಂದಳು. ಅರಕಲಗೂಡಿನವರೆಗೆ ಬುರುಡೆಯ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಕುತ್ತಿಗೆ ವಾಲಿಸಿ ನಿದ್ದೆ ಹೋಗಿದ್ದಳು.

ರುದ್ರಪಟ್ಟಣದಲ್ಲಿ ಇಳಿದವಳೇ ತಂಬೂರಿಯನ್ನು ಕಿವಿಗೊತ್ತಿ ಮೀಟಿದಳು. ಮತ್ತೆ ಮೀಟಿದಳು. ಒಂದು ತಂತಿ ಕೂದಲೆಳೆಯಷ್ಟು ಇಳಿದಿತ್ತು, ತಂತಿಗೆ ಪೋಣಿಸಿದ ಮಣಿ ಸರಿಸಿ ಸರಿಮಾಡಿಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಬಂದ ಅಣ್ಣ ಗಾಡಿ ನಿಲ್ಲಿಸಿ ಇಳಿದ.

"ನೀನು ಕಾಯ್ಬ್ಯಾಡ ಕಣ್ಲಾ, ಮನೇಗೋಗು" ಎಂದಳು ಅವ್ವ. "ನಾನು ಬರಾಗ್ಲೂ ಮಗಳ್ ಜೊತೇಲೇ ಬತ್ತೀನಿ."