ಹೆಂಡತಿ ತೊಳೆದ ಬಕೆಟ್ಟು

ನಮ್ಮ ಆಫೀಸಿನಲ್ಲಿ ಧೂಳಣ್ಣನಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿಲ್ಲ. ಅವನು ಮೆಟ್ಟಿಲು ಹತ್ತಿ ತಾರಸಿ ತಲುಪುವಷ್ಟರಲ್ಲಿ ಎರಡು ಸರ್ಕಾರ ಬಿದ್ದು ಮೂರನೆಯದು ಪ್ರಮಾಣವಚನ ತೆಗೆದುಕೊಂಡಿರುತ್ತದೆ. ತಾರಸಿಯ ಮೇಲೆ ಅವನದೊಂದು ಬಿಳಿ ಬಕೆಟ್ಟಿದೆ. ಗಾಳಿಯಲ್ಲಿನ ಮಸಿ, ಧೂಳು ಮಳೆಯ ಹಂಗಿಲ್ಲದೆ ತಾವಾಗಿ ಎಷ್ಟು ನೆಲಕ್ಕಿಳಿಯುತ್ತವೆ ಎಂದು ಅಳೆಯುವುದಕ್ಕೆ. ಒಂದು ಹನಿ ಬಿದ್ದರೆ ಸಾಕು, ಬಕೆಟ್ಟು ಕೂರಿಸಿದ ಯಂತ್ರದ ಮುಚ್ಚಳ ಸರಿದು ಬಂದು ಅದನ್ನು ಮುಚ್ಚುತ್ತದೆ. ಪ್ರತಿ ಮಂಗಳವಾರ ಅವನು ಬಕೆಟ್ಟು ಬದಲಿಸಿ ಹಳೆಯದನ್ನು ನನಗೆ ತಂದುಕೊಡುತ್ತಾನೆ. ನಾನು ಒಳಗಿನದನ್ನು ನೀರಿನಲ್ಲಿ ಇಳಿಸಿ, ಸೋಸಿ, ಒಣಗಿಸಿ, ತೂಗಿ ಹೇಳಿದ್ದನ್ನು ಅವನು ಪಟ್ಟಿಯಲ್ಲಿ ಬರೆಯುತ್ತಾನೆ. ಇಪ್ಪತ್ತೆರಡು ವರ್ಷ. ಅಷ್ಟು ಧೂಳಿನಲ್ಲಿ ಇನ್ನೊಂದು ಊರು ಕಟ್ಟಬಹುದಿತ್ತು, ಪುರಸಭೆ ಸಮೇತ.

ಪಟ್ಟಿಯಲ್ಲಿ ಒಂದೇ ಒಂದು ವಾರ ಖಾಲಿ. ಆ ಸಲ ಲ್ಯಾಬಿಗೆ ಬೀಗ ಬಿದ್ದಿತ್ತೆಂದು ಬಕೆಟ್ಟನ್ನು ಮನೆಗೆ ಒಯ್ದಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿ ಅದನ್ನು ಸೋಪು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದ್ದಳು.

"ಅಯ್ಯೋ, ಏಳು ದಿನದ ಧೂಳು ಕಣೇ ಅದು!"

"ಏಳು ದಿನದಿಂದ ತೊಳೀದೆ ಇಟ್ಕೊಂಡಿದ್ರಾ? ನಾಚ್ಕೆ ಆಗಲ್ವಾ ನಿಮಗೆ?"

ಈ ವರ್ಷ ಅವಳು ತೀರಿಕೊಂಡಳು. ಐದನೆಯ ದಿನ ಮಂಗಳವಾರ. ಧೂಳಣ್ಣ ಬಂದ, ಬಕೆಟ್ಟು ಬದಲಿಸಿದ. ಅಳಲಿಲ್ಲ. ಚಹಾ ಕೊಟ್ಟರೆ ಕುಡಿದ, ಕೊಡದಿದ್ದರೆ ಇಲ್ಲ.

"ಮನೇಲಿ ಹೇಗಿದೀಯೋ?" ಎಂದೆ.

"ಅವಳ ಕನ್ನಡಿ ಮೇಲೆ ಧೂಳು ಕೂತಿದೆ," ಎಂದ.

ಮಾರನೆಯ ತಿಂಗಳು ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಅಷ್ಟೂ ವರ್ಷಗಳ ಪಟ್ಟಿ ಮೇಲಿನ ಕಚೇರಿಗೆ ಹೋಗಬೇಕಿತ್ತು.

"ಏನ್ರೀ ಇದು, ಒಂದು ಮನೆ ಖಾಲಿ? ಹಿಂದಿನ ವಾರ, ಮುಂದಿನ ವಾರ ನೋಡ್ಕೊಂಡು ಸರಾಸರಿ ತುಂಬಿಬಿಡಿ. ಇಲ್ದಿದ್ರೆ ಅಷ್ಟೂ ವಾಪಸ್ ಬರುತ್ತೆ. ನಿಮ್ಮ ಇಪ್ಪತ್ತೆರಡು ವರ್ಷ ಮಣ್ಣುಪಾಲು."

ಧೂಳಣ್ಣ ಪೆನ್ನು ತೆಗೆದ. "ಒಂದು ಅಂಕಿ ತಾನೆ, ಗೀಚಿ ಹಾಕೋ," ಎಂದು ನಾನೂ ಪಿಸುಗುಟ್ಟಿದೆ. ಅವನು ಖಾಲಿ ಮನೆಯನ್ನು ಹಾಗೇ ಬಿಟ್ಟು, ಪಕ್ಕದ ಷರಾ ಜಾಗದಲ್ಲಿ ಬರೆದ: 'ಹೆಂಡತಿ ತೊಳೆದಳು.'

"ಸರ್ಕಾರಿ ಕಾಗದದಲ್ಲಿ ಇದೇನ್ರೀ!"

"ಆಗಿದ್ದು ಅದೇ, ಸಾರ್."

ಸಾಹೇಬರು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, ಹಾಗೇ ಲಕೋಟೆಗೆ ಹಾಕಿಸಿದರು.

ಹದಿನೈದು ದಿನಕ್ಕೆ ಪಟ್ಟಿ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: 'ಯಾರ ಹೆಂಡತಿ?'

ಧೂಳಣ್ಣ ಅದರ ಕೆಳಗೆ 'ನನ್ನ' ಎಂದು ಬರೆದ. ಆಮೇಲೆ ತೊಳೆದ ಬಕೆಟ್ಟೊಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದ. ಅವತ್ತು ಮಂಗಳವಾರ.